ಮೂರನೆಯ ಸೀಟು

ನಮ್ಮ ಕಡೆ ಯಾರಾದರೂ 'ಸೀಟು ಸಿಕ್ತಾ?' ಎಂದು ಕೇಳಿದರೆ ಅದಕ್ಕೆ ಎರಡೇ ಅರ್ಥ. ಕೇಳಿದವರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರೆ ಅದು ಬಸ್ಸಿನ ಸೀಟು. ಮಧುಗಿರಿಯಲ್ಲಿ ಪಾವಗಡದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು, ಆಮೇಲೆ 'ನನ್ನ ಟವೆಲ್ಲೇ ಮೊದಲು ಬಿದ್ದದ್ದು' ಎಂದು ವಾದಿಸಿ ಗಿಟ್ಟಿಸಿಕೊಂಡ ಸೀಟು. ಅದೇ ಪ್ರಶ್ನೆಯನ್ನು ಜೂನ್ ತಿಂಗಳಲ್ಲಿ, ಮನೆಯ ಜಗಲಿಯ ಮೇಲೆ ಕಾಫಿ ಲೋಟ ಹಿಡಿದವರು ಕೇಳಿದರೆ ಅದು ಸಿ.ಇ.ಟಿ. ಸೀಟು. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಘಟಕ ಸ್ಥಾಪನೆಯಾದ ಮೇಲೆ ಈ ಎರಡನೆಯ ಅರ್ಥ ಮೊದಲನೆಯದನ್ನು ಹಿಂದೆ ಹಾಕಿತು. ಟವೆಲ್ ಎಸೆಯುವುದು ಅಲ್ಲೂ ಉಂಟು. ಎಸೆಯುವವರು ಮಾತ್ರ ಅಪ್ಪ ಅಮ್ಮಂದಿರು.

ಸೀಟು ಎಂಬ ಮಾತಿಗೆ ಮೂರನೆಯ ಅರ್ಥವೂ ಒಂದಿದೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಶಿರಾದ ಒಂದು ಕುಷನ್ ಅಂಗಡಿಯಲ್ಲಿ ಮರದ ಸ್ಟೂಲಿನ ಮೇಲೆ ಕುಳಿತಾಗ.

ನಾನು ಗಣಿತದ ಮೇಷ್ಟ್ರು. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತಾರೆ. ಕಂದಾಯದ ಲೆಕ್ಕಕ್ಕೆ ಜಿಲ್ಲೆ ಒಂದೇ, ಎಸ್ಸೆಸ್ಸೆಲ್ಸಿ ಫಲಿತಾಂಶದ ಲೆಕ್ಕಕ್ಕೆ ಎರಡು. ಹಾಗಾಗಿ ಫಲಿತಾಂಶ ಬಂದ ದಿನ 'ಮಧುಗಿರಿ ಎಷ್ಟನೇ ಸ್ಥಾನ?' ಎಂಬುದು ಇಲ್ಲಿ ಮಳೆ ಬೆಳೆಯಷ್ಟೇ ದೊಡ್ಡ ಸುದ್ದಿ. ಈ ನಾಲ್ಕೂ ತಾಲ್ಲೂಕಿನಲ್ಲಿ ನಾನು ಪಾಠ ಹೇಳಿದ್ದೇನೆ. ಸ್ಥಾನ ಮೇಲೇರಿದಾಗ ಬೀಗಿದ್ದೇನೆ, ಇಳಿದಾಗ ಹುಡುಗರನ್ನು ಬೈದಿದ್ದೇನೆ. ಮನುಷ್ಯರನ್ನು ಅಂಕಪಟ್ಟಿಯ ಮೂಲಕ ನೋಡುವುದು ನನಗೆ ಕನ್ನಡಕದಷ್ಟೇ ಅಭ್ಯಾಸವಾಗಿಬಿಟ್ಟಿತ್ತು.

ಅಂಥವನ ಮಗ ಇಂಜಿನಿಯರಿಂಗ್ ಬಿಟ್ಟ.

ಸೀಟು ಸಿಕ್ಕಿತ್ತು. ಬೆಂಗಳೂರಿನಲ್ಲೇ, ಮೆಕ್ಯಾನಿಕಲ್ಲೇ. ಎರಡನೆಯ ವರ್ಷ ಒಂದು ದಿನ ಬಂದು, 'ಅಪ್ಪಾ, ನನಗೆ ಓದಕ್ಕಾಗಲ್ಲ, ಗ್ಯಾರೇಜಿಗೆ ಸೇರ್ಕೊಂಡಿದೀನಿ' ಎಂದ. ನಾನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. 'ನಿನ್ನಿಷ್ಟ' ಎಂದು ಪೇಪರ್ ಎತ್ತಿಕೊಂಡೆ. ಆ ಪೇಪರ್ ನಮ್ಮಿಬ್ಬರ ನಡುವೆ ಎಂಟು ಹತ್ತು ವರ್ಷ ಹಾಗೇ ಇತ್ತು. ಮದುವೆ ಮುಂಜಿಗಳಲ್ಲಿ ಯಾರಾದರೂ 'ಮಗ ಏನ್ಮಾಡ್ತಾನೆ ಮೇಷ್ಟ್ರೇ?' ಎಂದರೆ, 'ಬೆಂಗಳೂರಲ್ಲಿ ಆಟೊಮೊಬೈಲ್ ಲೈನಿನಲ್ಲಿದಾನೆ' ಎನ್ನುತ್ತಿದ್ದೆ. ಲೈನು ಎಂದರೆ ಏನೆಂದು ಯಾರೂ ಕೇಳುತ್ತಿರಲಿಲ್ಲ. ಕೇಳದಿರಲಿ ಎಂದೇ ಆ ಪದವನ್ನು ಆರಿಸಿದ್ದೆ.

ಕಳೆದ ವರ್ಷ ಒಂದು ಶನಿವಾರ ಸಂಜೆ ಮನೆಯ ಮುಂದೆ ವಿಚಿತ್ರವಾದ ಕಾರೊಂದು ಬಂದು ನಿಂತಿತು. ನೆಲಕ್ಕೆ ಅಂಟಿಕೊಂಡಂತೆ ತಗ್ಗು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಛಾವಣಿ. ಬೀದಿಯ ಮಕ್ಕಳೆಲ್ಲ ಸೇರಿದರು. ಬಾಗಿಲು ತೆರೆದು ಮಗ ಮೊದಲು ಒಂದು ಕಾಲು ಇಳಿಸಿ, ಸೊಂಟ ಹಿಡಿದುಕೊಂಡು ಮೇಲೆದ್ದ. 'ಇದೇನೋ ಇದು, ಕಾರೋ ಕಪ್ಪೆಚಿಪ್ಪೋ?' ಎಂದಳು ನನ್ನ ಹೆಂಡತಿ.

'ಸ್ಯಾನ್ ಸ್ಟಾರ್ಮ್ ಅಮ್ಮ. ನಮ್ಮ ದೇಶದ್ದೇ ಸ್ಪೋರ್ಟ್ಸ್ ಕಾರು' ಎಂದ ಹೆಮ್ಮೆಯಿಂದ. ಬೆಂಗಳೂರಿನಲ್ಲಿ ರೈಲಿನ ಎಂಜಿನ್ ತಯಾರಿಸುತ್ತಿದ್ದ ಸಂಸ್ಥೆಯ ಬಳಗದವರು 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಿಸಿದ ಕಾರಂತೆ. ಹೊರಮೈ ತಗಡಲ್ಲ, ಫೈಬರ್ ಗ್ಲಾಸ್. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು, 1149 ಸಿ.ಸಿ. ರಸ್ತೆಗೆ ಇಳಿದದ್ದು ಕೆಲವೇ ಕಾರುಗಳು. ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು. ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದುದನ್ನು ಇವನು ಕೊಂಡು, ಬಿಡುವಿನಲ್ಲಿ ಒಂದೊಂದೇ ಭಾಗ ಸರಿಮಾಡಿ ಓಡುವಂತೆ ಮಾಡಿದ್ದ. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ತಪಾಸಣೆಗೆ ಒಯ್ದು ನೋಂದಣಿ ನವೀಕರಿಸಿಯೂ ಆಗಿತ್ತು. ಉಳಿದದ್ದು ಡ್ರೈವರ್ ಸೀಟು ಒಂದೇ.

ಟಾರ್ಚ್ ಹಾಕಿ ತೋರಿಸಿದ. ಬಲಗಡೆಯ ಅಂಚು ಪೂರ್ತಿ ಸವೆದು ಹರಿದಿತ್ತು. ಒಳಗಿನ ಸ್ಪಂಜು ಹಳದಿ ಹಿಟ್ಟಾಗಿ ಉದುರುತ್ತಿತ್ತು. 'ಬಲಗಡೆಯೇ ಯಾಕೆ ಹೋಗಿದೆ?' ಎಂದು ಕೇಳಿದೆ. ಮಗನ ಕಾರಿನ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

ಅವನು ಕುಳಿತು ಇಳಿದು ತೋರಿಸಿದ. ತಗ್ಗಾದ ಕಾರಿಗೆ ಹತ್ತುವುದೆಂದರೆ ಬಾವಿಗೆ ಇಳಿದ ಹಾಗೆ. ದೇಹದ ಭಾರವೆಲ್ಲ ಬಾಗಿಲ ಕಡೆಯ ಅಂಚಿನ ಮೇಲೆ ಬಿದ್ದು, ಅಲ್ಲಿಂದ ಜಾರಿ ಒಳಗೆ ಹೋಗಬೇಕು. ಇಳಿಯುವಾಗಲೂ ಅದನ್ನೇ ಉಜ್ಜಿಕೊಂಡು ಏಳಬೇಕು. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಮೊದಲು ಸಾಯುವುದು ಬಲಗಡೆಯ ಅಂಚು. ಬಲಗಡೆ ಒಂದೂವರೆ ಇಂಚು ಕುಸಿದರೆ ಸೊಂಟ ಓರೆಯಾಗುತ್ತದೆ, ಸೊಂಟ ಓರೆಯಾದರೆ ಬೆನ್ನುಮೂಳೆ ಡೊಂಕಾಗಿ ಅದನ್ನು ಸರಿದೂಗಿಸಬೇಕು. 'ಕೊರಟಗೆರೆ ದಾಟೋ ಹೊತ್ತಿಗೆ ನನ್ನ ಬೆನ್ನು ಹಿಡ್ಕೊಂಬಿಡ್ತು' ಎಂದ.

ಆಮೇಲೆ ಇನ್ನೊಂದು ಮಾತು ಹೇಳಿದ. ಕುಳಿತ ಮನುಷ್ಯನ ಮುಂಡಕ್ಕೂ ತನ್ನದೇ ಆದ ಒಂದು ಕಂಪನವಿದೆಯಂತೆ. ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಕುಲುಕಿದರೆ ನಮ್ಮ ದೇಹ ಅದನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ. ಒಳ್ಳೆಯ ಸೀಟಿನ ಕೆಲಸ ಮೆತ್ತಗಿರುವುದು ಮಾತ್ರವಲ್ಲ, ಆ ಕುಲುಕಾಟ ಬೆನ್ನಿಗೆ ತಲುಪುವ ಮೊದಲು ಅದನ್ನು ತಿಂದುಹಾಕುವುದು. 'ಅನುರಣನ ಅಂತ ಹೈಸ್ಕೂಲಲ್ಲಿ ನೀವೇ ಹೇಳಿಕೊಟ್ಟಿದ್ರಲ್ಲ ಅಪ್ಪಾ' ಎಂದ. ಹೇಳಿಕೊಟ್ಟಿದ್ದೆ, ನಿಜ. ಸೇತುವೆಯ ಮೇಲೆ ಸೈನಿಕರು ಹೆಜ್ಜೆ ಬಿಟ್ಟು ನಡೆಯುವ ಅದೇ ಹಳೆಯ ಉದಾಹರಣೆಯೊಂದಿಗೆ. ಆ ಸೇತುವೆಯನ್ನು ನಾನೂ ನೋಡಿರಲಿಲ್ಲ, ಹುಡುಗರೂ ನೋಡಿರಲಿಲ್ಲ.

ಡಿಕ್ಕಿಯಲ್ಲಿ ಇನ್ನೊಂದು ಸೀಟಿತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೊಂಡದ್ದು, ಬೇರೆ ಯಾವುದೋ ಕಾರಿನದು, ಹೊಸದರಂತೆಯೇ ಇತ್ತು. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದರೆ ಮುಗಿಯಿತು ಎಂದು ಅವನ ಲೆಕ್ಕ. ಭಾನುವಾರ ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಸ್ಪ್ಯಾನರ್ ಹಿಡಿದು ಕುಳಿತೆವು. ನಾನು ಹಿಡಿದದ್ದು ಹೆಸರಿಗೆ ಮಾತ್ರ.

ಕೂರಲಿಲ್ಲ. ನೆಲದ ಬೋಲ್ಟುಗಳಿಗೂ ಹೊಸ ಸೀಟಿನ ಹಳಿಯ ತೂತುಗಳಿಗೂ ಇಂಚುಗಟ್ಟಲೆ ವ್ಯತ್ಯಾಸ. ಸುಮ್ಮನೆ ಮೇಲೆ ಇಟ್ಟು ನೋಡಿದರೆ ಮಗನ ತಲೆ ಛಾವಣಿಗೆ ತಾಗಿತು. 'ಹೊಸ ತೂತು ಕೊರೆದರಾಯಿತಲ್ಲ?' ಎಂದೆ. ಮಗ ತಲೆಯಾಡಿಸಿದ. ಸೀಟು ನಿಲ್ಲಬೇಕಾದದ್ದು ಕೆಳಗಿನ ಉಕ್ಕಿನ ಮೇಲೆ. ಬರೀ ಫೈಬರ್‌ಗೆ ತೂತು ಕೊರೆದು ಬೋಲ್ಟು ಬಿಗಿದರೆ ಡಿಕ್ಕಿಯಾದಾಗ ಸೀಟು, ಸೀಟಿನ ಮೇಲಿರುವ ಮನುಷ್ಯ ಎರಡೂ ಕಿತ್ತು ಬರುತ್ತವೆ. ಸೀಟು ಬೆಲ್ಟೂ ಅಷ್ಟೆ. ಹೆಗಲು, ಎದೆ, ಸೊಂಟ ಹಿಡಿಯುವ ಈಗಿನ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಹ್ಲಿನ್ ರೂಪಿಸಿದ. ಅದು ಕೆಲಸ ಮಾಡುವುದು ಸೊಂಟದ ಮೂಳೆಯ ಮೇಲೆ ಕೂತಾಗ. ಸೀಟು ಎರಡಿಂಚು ಮೇಲೆ ಕೆಳಗಾದರೆ ಬೆಲ್ಟು ಹೊಟ್ಟೆಯ ಮೇಲೆ ಬರಬಹುದು. ಇಷ್ಟನ್ನೂ ಮಗ ಬೋಲ್ಟು ಒರೆಸುತ್ತಾ ಹೇಳಿದ. ನಾನು ಕೇಳಿದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವನ ಹಾಗೆ.

'ಹಾಗಾದರೆ ಹಳೇ ಚೌಕಟ್ಟು ಉಳಿಸ್ಕೊಂಡು ಒಳಗಿನದೆಲ್ಲ ಹೊಸದು ಮಾಡ್ಬೇಕು. ಶಿರಾದಲ್ಲಿ ಒಬ್ಬರು ಇದಾರಂತೆ, ಬೆಂಗಳೂರಿಂದಲೂ ಬರ್ತಾರಂತೆ' ಎಂದ.

ಶಿರಾ ಹೆದ್ದಾರಿಯ ಊರು. 1687ರ ನಂತರ ಮೊಗಲರ ಒಂದು ಪ್ರಾಂತ್ಯಕ್ಕೆ ರಾಜಧಾನಿಯಾಗಿದ್ದ ಕಾಲದಲ್ಲಿ ಅಲ್ಲಿ ಕುದುರೆಗಳ ಜೀನು ಹೊಲಿಯುವವರು ಇದ್ದಿರಬೇಕು. ಈಗ ಬೆಂಗಳೂರು–ಪುಣೆ ರಸ್ತೆಯ ಲಾರಿ ಬಸ್ಸುಗಳ ಸೀಟು ಹೊಲಿಯುವವರು ಇದ್ದಾರೆ. ಬಡವನಹಳ್ಳಿಯ ಮೇಲೆ ಹೋಗಿ, ಹೆದ್ದಾರಿಯ ಪಕ್ಕದ ಆ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆವು. ಹೊಲಿಗೆ ಯಂತ್ರದ ಹಿಂದಿನಿಂದ ನಲವತ್ತೈದರ ಆಸುಪಾಸಿನ ವ್ಯಕ್ತಿಯೊಬ್ಬ ಎದ್ದು ಬಂದು, ಕಾರನ್ನು ನೋಡುವ ಮೊದಲು ನನ್ನನ್ನು ನೋಡಿದ.

'ಸಾರ್, ನೀವು ಲೆಕ್ಕದ ಮೇಷ್ಟ್ರಲ್ವಾ?'

ನನ್ನ ಹಳೆಯ ಶಿಷ್ಯ. ಶಿರಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ 1993ರಲ್ಲಿ ಹತ್ತನೇ ತರಗತಿಯಲ್ಲಿದ್ದವನು. ಮುಖ ನೆನಪಾಗಲಿಲ್ಲ. ತಂದೆಯ ಕಸುಬು ಹೇಳಿದ ಮೇಲೆ ನೆನಪಾಯಿತು. ಅವರು ಪಿಂಜಾರರು. ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ, ಹಟ್ಟಿಯ ಮುಂದೆ ಕುಳಿತು ಟೊಂಯ್ ಟೊಂಯ್ ಎಂದು ಹತ್ತಿ ಹಿಂಜಿ ಹಾಸಿಗೆ ಹೊಲಿದುಕೊಡುತ್ತಿದ್ದವರು. ಮಗ ಹಾಸಿಗೆಯಿಂದ ಸೀಟಿಗೆ ಬಂದಿದ್ದ. 'ಅದೇ ಕೆಲಸ ಸಾರ್. ಅವರು ಮಲಗೋರಿಗೆ ಮಾಡ್ತಿದ್ರು, ನಾನು ಕೂರೋರಿಗೆ ಮಾಡ್ತೀನಿ' ಎಂದು ನಕ್ಕ. ಕುಡಿಯಲು ಟೀ ತರಿಸಿದ. ಸ್ಟೂಲು ಒರೆಸಿ ಕೊಟ್ಟ.

ಸೀಟನ್ನು ಬಿಚ್ಚಿದ ಮೇಲೆ ಒಂದು ಸಣ್ಣ ಶವಪರೀಕ್ಷೆಯೇ ನಡೆಯಿತು. ಮೇಲಿನ ಕವರನ್ನು ಚೌಕಟ್ಟಿಗೆ ಹಿಡಿದಿಟ್ಟಿದ್ದ ಲೋಹದ ರಿಂಗುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತ. ಸ್ಪಂಜನ್ನು ಬೆರಳಿನಿಂದ ಉಜ್ಜಿದರೆ ಪುಡಿಯಾಯಿತು. ಈ ಸ್ಪಂಜು ಪಾಲಿಯುರೆಥೇನ್. ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ಕಂಡುಹಿಡಿದ ವಸ್ತುವಿನ ವಂಶ. ಒಳಗೆ ಜೇನುಗೂಡಿನಂತೆ ಸಾವಿರಾರು ಗಾಳಿಗೂಡುಗಳು. ಲಕ್ಷಾಂತರ ಸಲ ಕುಳಿತು ಎದ್ದಾಗ ಗೂಡಿನ ಗೋಡೆಗಳು ಮುರಿಯುತ್ತವೆ. ಮೇಲೆ ಬಿಸಿಲು, ತೇವ ಸೇರಿದರೆ ವಸ್ತುವೇ ಶಿಥಿಲವಾಗುತ್ತದೆ. ಛಾವಣಿ ಮಡಚುವ ಕಾರಿಗೆ ಬಿಸಿಲಿಗೇನು ಕೊರತೆ! ಕೆಳಗಿನ ಅಂಕುಡೊಂಕು ಸ್ಪ್ರಿಂಗುಗಳಲ್ಲಿ ಒಂದು ಮುರಿದು ಸ್ಪಂಜನ್ನು ಕೊರೆದಿತ್ತು.

ಅವನು ಎರಡು ತುಂಡು ಸ್ಪಂಜು ತಂದು ನನ್ನ ಕೈಗಿಟ್ಟ. 'ಯಾವುದು ಒಳ್ಳೇದು ಹೇಳಿ ಸಾರ್.' ಅದುಮಿ ನೋಡಿದೆ. ಗಟ್ಟಿಯಾಗಿದ್ದುದನ್ನು ತೋರಿಸಿದೆ. 'ಎಲ್ಲಾರೂ ಅದನ್ನೇ ಹೇಳ್ತಾರೆ. ಗಟ್ಟಿ ಬೇರೆ, ಡೆನ್ಸಿಟಿ ಬೇರೆ ಸಾರ್. ನಲವತ್ತು ಡೆನ್ಸಿಟಿ ಅಂದ್ರೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ್ದು ನಲವತ್ತು ಕೇಜಿ ತೂಗ್ಬೇಕು. ತೂಕ ಇದ್ರೆ ಬಾಳಿಕೆ. ಗಟ್ಟಿ ಅನ್ನೋದು ಅದುಮಿದ್ರೆ ಎಷ್ಟು ಎದುರು ನಿಲ್ಲುತ್ತೆ ಅನ್ನೋದು. ಕಡಿಮೆ ತೂಕದ್ದನ್ನೂ ಗಟ್ಟಿಯಾಗಿ ಮಾಡ್ಬೋದು. ಮೊದಲ ದಿನ ಚೆನ್ನಾಗಿರುತ್ತೆ, ಆರು ತಿಂಗಳಿಗೆ ಕುಸಿಯುತ್ತೆ' ಎಂದ. ಸಾಂದ್ರತೆಯ ಪಾಠವನ್ನು ನಾನು ವರ್ಷಗಟ್ಟಲೆ ಮಾಡಿದ್ದೆ. ಕೈಯಲ್ಲಿ ಹಿಡಿದು ಮೋಸಹೋದದ್ದು ಅಂದೇ.

ಹಾಗಾಗಿ ಪದರಗಳು. ಮುರಿದ ಸ್ಪ್ರಿಂಗು ಬದಲಿಸಿ, ಸ್ಪ್ರಿಂಗು ಸ್ಪಂಜನ್ನು ಕಚ್ಚದಂತೆ ಮೇಲೆ ದಪ್ಪ ಗೋಣಿಬಟ್ಟೆ. ಅದರ ಮೇಲೆ ರಬ್ಬರ್ ಹಾಲು ಹಾಕಿ ಒತ್ತಿದ ತೆಂಗಿನ ನಾರಿನ ತೆಳು ಹಾಸು. ನಮ್ಮ ಜಿಲ್ಲೆಯ ತೆಂಗು ಎಲ್ಲೆಲ್ಲಿ ಕೂತಿದೆ ನೋಡಿ! ನಂತರ ನಲವತ್ತರ ಸ್ಪಂಜು. ಪಕ್ಕದ ಅಂಚುಗಳಿಗೆ ಇನ್ನೂ ಗಟ್ಟಿಯಾದದ್ದು. ಎಲ್ಲಕ್ಕಿಂತ ಮೇಲೆ ಅರ್ಧ ಇಂಚಿನ ಮೆತ್ತನೆಯದು. ಮಗನನ್ನು ಕೂರಿಸಿ, ಏಳಿಸಿ, ತೆಗೆದು, ಕೆತ್ತಿ, ಮತ್ತೆ ಕೂರಿಸಿ ನೋಡಿದ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು, ಬೆನ್ನು ಒರಗಿದಂತೆಯೇ ಮಣಿಕಟ್ಟು ಸ್ಟಿಯರಿಂಗಿನ ತುದಿಗೆ ತಾಗಬೇಕು, ಕಣ್ಣಿಗೆ ಬಾನೆಟ್ಟಿನಾಚೆಯ ರಸ್ತೆ ಕಾಣಬೇಕು. ಇವು ಅವನ ಮೂರು ಪರೀಕ್ಷೆ. ಮೂರರಲ್ಲೂ ಪಾಸಾದ ಮೇಲೆಯೇ ಬಟ್ಟೆಗೆ ಕೈ ಹಾಕಿದ್ದು.

ಹೊಸ ಕಾರುಗಳ ಸೀಟು ಮಾತ್ರ ಹೀಗೆಲ್ಲ ಬಿಚ್ಚುವುದಿಲ್ಲ ಎಂದ. ಕೆಲವದರಲ್ಲಿ ಗಾಳಿಚೀಲ ಸೀಟಿನ ಪಕ್ಕದಲ್ಲೇ ಇರುತ್ತದೆ. ಮೇಲೆ ದಪ್ಪ ಕವರ್ ಹೊಲಿದರೂ ಅದು ಬಿಚ್ಚಿಕೊಳ್ಳಲು ಅಡ್ಡಿ. 'ದುಡ್ಡು ಕೊಡ್ತೀನಿ ಅಂದ್ರೂ ವಾಪಸ್ ಕಳಿಸ್ತೀನಿ ಸಾರ್.'

ಇನ್ನು ಕವರು. ಹಳೆಯ ಕವರನ್ನು ಅಳತೆಗೆ ಇಟ್ಟುಕೊಳ್ಳಲು ಆಗದು. ಎಳೆದು ಎಳೆದು ಅದರ ಆಕಾರವೇ ಕೆಟ್ಟಿತ್ತು. ಅವನು ಪಕ್ಕದ ಸೀಟಿನ ಕವರು ಬಿಚ್ಚಿದ. 'ಇದು ಹೊಸದರ ಹಾಗಿದೆ. ಈ ಕಾರಿನ ಯಜಮಾನ ಒಬ್ಬನೇ ಓಡಾಡಿದಾನೆ' ಎಂದ. ಆ ಮಾತಿಗೆ ಮಗ ಯಾಕೋ ತಲೆ ತಗ್ಗಿಸಿದ. ಪಕ್ಕದ ಸೀಟಿನ ಒಂದೊಂದು ತುಂಡನ್ನೂ ಕಂದು ಕಾಗದದ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ, ಕಾಗದವನ್ನು ಮಗುಚಿ ಹಾಕಿದ. ಎಡಗಡೆಯದು ಬಲಗಡೆಯದಾಯಿತು. ಪ್ರತಿಬಿಂಬ ಸಮ್ಮಿತಿ! ಅಂಚಿನ ಉಬ್ಬಿಗೆ ಒಂದೇ ತುಂಡು ಸಾಲದೆ ಮೂರು ತುಂಡು ಮಾಡಿದ. ಕೊಳವೆಯ ಮೈಯನ್ನು ಬಿಡಿಸಿ ಚಪ್ಪಟೆ ಹಾಸಬಹುದು, ಚೆಂಡಿನ ಮೈಯನ್ನು ಹಿಗ್ಗಿಸದೆ ಹರಿಯದೆ ಚಪ್ಪಟೆ ಮಾಡಲಾಗದು ಎಂಬುದನ್ನು ಗಾಸ್ ಎಂಬ ಮಹಾ ಗಣಿತಜ್ಞ 1827ರಲ್ಲಿ ಸಾಧಿಸಿ ತೋರಿಸಿದ. ಭೂಪಟ ಬರೆಯುವವರ ಕಷ್ಟವೂ ಇದೇ, ಸೀಟು ಹೊಲಿಯುವವರ ಕಷ್ಟವೂ ಇದೇ. ಈತನಿಗೆ ಗಾಸ್ ಗೊತ್ತಿಲ್ಲ. ಆದರೆ ಸುಕ್ಕು ಎಲ್ಲಿ ಬರುತ್ತದೆ ಎಂಬುದು ಕತ್ತರಿ ಹಾಕುವ ಮೊದಲೇ ಗೊತ್ತು.

ಎರಡೂ ಸೀಟಿನ ಬಣ್ಣ ಹೊಂದಬೇಕೆಂದು ಎರಡಕ್ಕೂ ಹೊಸ ಕವರು. ನಡುವಿನ ತುಂಡು ಮುಂದೆ 20 ಇಂಚು, ಹಿಂದೆ 16 ಇಂಚು, ಉದ್ದ 19. ಅಂದರೆ ತ್ರಾಪಿಜ್ಯ. ರೆಕ್ಸಿನ್ ಹಾಸಿ ಮೊದಲನೆಯದನ್ನು ನೆಟ್ಟಗೆ ಇಟ್ಟ. ಎರಡನೆಯದನ್ನು ತಲೆಕೆಳಗು ಮಾಡಿ ಪಕ್ಕಕ್ಕೆ ಒತ್ತಿ ಇಟ್ಟ. ಎರಡೂ ಅಂಟಿಕೊಂಡು ಒಂದು ಸಮಾಂತರ ಚತುರ್ಭುಜವಾಯಿತು. ಪಾದ 20 ಕೂಡಿಸು 16, ಮೂವತ್ತಾರು, ಎತ್ತರ ಹತ್ತೊಂಬತ್ತು. ಅದರಲ್ಲಿ ಅರ್ಧ ಒಂದು ತುಂಡು, 342 ಚದರ ಇಂಚು. ತ್ರಾಪಿಜ್ಯದ ವಿಸ್ತೀರ್ಣದ ಸೂತ್ರ, ಅದರ ಸಾಧನೆ ಎರಡೂ ರೆಕ್ಸಿನ್ ಮೇಲೆ ಬಿದ್ದಿದ್ದವು.

'ಹೀಗಿಟ್ರೆ ಎರಡಿಂಚು ಉಳಿಯುತ್ತೆ ಸಾರ್. ಕಾರಿಗೆ ಎರಡಿಂಚು ಏನೂ ಅಲ್ಲ. ಬಸ್ಸಿಗೆ ನಲವತ್ತು ಸೀಟು ಬರುತ್ತಲ್ಲ, ಆಗ ಲೆಕ್ಕ.' ನಾನು ಮನಸ್ಸಿನಲ್ಲೇ ಗುಣಿಸಿದೆ. ಒಂದೇ ಸಾಲಿನಲ್ಲಿ ಇಟ್ಟರೆ ನಲವತ್ತಕ್ಕೆ 800 ಇಂಚಿನ ಬದಲು 722 ಸಾಕು. 78 ಇಂಚು ಉಳಿತಾಯ, ಎರಡು ಗಜಕ್ಕೂ ಮಿಕ್ಕಿ.

'ಇದನ್ನ ಎಲ್ಲಿ ಕಲಿತೆಯಪ್ಪಾ?' ಎಂದೆ.

ಅವನು ಕತ್ತರಿ ಕೆಳಗಿಟ್ಟ. 'ಗೊತ್ತಿತ್ತು ಸಾರ್. ಕ್ಲಾಸಲ್ಲೇ ಹೇಳಕ್ಕೆ ಬಂದಿದ್ದೆ, ನೀವು ಬಿಡ್ಲಿಲ್ಲ.'

ಹೇಳಿದ ಮೇಲೆ ನನಗೂ ನೆನಪಾಯಿತು. ಹೊಲದ ವಿಸ್ತೀರ್ಣದ ಲೆಕ್ಕ. ಎರಡೂ ಕಡೆ ಸಮನಾಗಿ ಓರೆಯಾದ ಹೊಲ. ಈತ ಎದ್ದು ನಿಂತು, 'ಈ ಕಡೆ ಮೂಲೆ ಕತ್ತರಿಸಿ ಆ ಕಡೆ ಇಟ್ಟರೆ ಚಚ್ಚೌಕ ಆಗುತ್ತೆ ಸಾರ್' ಎಂದ. 'ಹೊಲ ಕತ್ತರಿಸೋಕೆ ಅದೇನು ನಿಮ್ಮಪ್ಪನ ಹಾಸಿಗೆಯೇನೋ? ಸೂತ್ರ ಹೇಳು' ಎಂದೆ ನಾನು. ತರಗತಿ ಗೊಳ್ಳೆಂದಿತು. ಸೂತ್ರ ಬರಲಿಲ್ಲ. ಹೊರಗೆ ನಿಲ್ಲಿಸಿದೆ. ಅವನು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಸೂತ್ರ ಹುಟ್ಟುವುದೇ ಹಾಗೆ. ಆ ವರ್ಷ ಅವನು ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲಿಲ್ಲ. ಹೋದದ್ದು ಗಣಿತ ಒಂದರಲ್ಲೇ.

'ನನ್ನಿಂದ ತಪ್ಪಾಯಿತು' ಎಂದೆ. ಮೂವತ್ತು ವರ್ಷ ತಡವಾಗಿ ಹೇಳುವ ಮಾತಿಗೆ ತೂಕವೂ ಇರುವುದಿಲ್ಲ, ಬಾಳಿಕೆಯೂ ಇರುವುದಿಲ್ಲ. ಆದರೂ ಹೇಳಿದೆ.

'ಬಿಡಿ ಸಾರ್' ಎಂದ. 'ನೀವು ಹೊರಗೆ ನಿಲ್ಲಿಸಿದ್ದು ನಂಗೆ ಬೇಜಾರಿಲ್ಲ. ಎಲ್ಲಾ ಮೇಷ್ಟ್ರೂ ನಿಲ್ಲಿಸ್ತಿದ್ರು. ಹೇಳಿದ್ದು ಸರಿಯೋ ತಪ್ಪೋ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ತಪ್ಪು ಅಂತಲೇ ಅಂದ್ಕೊಂಡು ಲೆಕ್ಕದ ಪುಸ್ತಕ ಮುಚ್ಚಿಬಿಟ್ಟೆ.'

ಮಗ ಅಂಗಡಿಯ ಮೂಲೆಯಲ್ಲಿ ಹಳಿಗೆ ಗ್ರೀಸ್ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. ಆದರೆ ಕೈ ನಿಂತಿತ್ತು. ಅವನಿಗೂ ನಾನು ಅದನ್ನೇ ಮಾಡಿದ್ದೆ ಎಂದು ಆ ಕ್ಷಣ ಹೊಳೆಯಿತು. 'ನಿನ್ನಿಷ್ಟ' ಎಂದು ಪೇಪರ್ ಎತ್ತಿಕೊಂಡವನು ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಯಾಕೆ ಬಿಟ್ಟೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಕೆಲಸ ಮುಗಿಯಲು ಮೂರು ದಿನ ಹಿಡಿಯಿತು. ಮೂರು ದಿನವೂ ನಾನು ಮಗನ ಜೊತೆ ಹೋದೆ. ಕೊನೆಯ ದಿನ ಕೂಲಿಯ ಲೆಕ್ಕ ಬರೆದು ಕೊಟ್ಟ. ಒಂದು ರೂಪಾಯಿ ಬಿಡಲಿಲ್ಲ. 'ಗುರುಗಳ ಹತ್ರ ದುಡ್ಡು ತಗೋಬಾರದು ಅಂತಾರೆ. ಆದ್ರೆ ಲೆಕ್ಕ ಲೆಕ್ಕವೇ ಸಾರ್, ನೀವೇ ಹೇಳ್ತಿದ್ರಿ' ಎಂದ. ನನಗೆ ಅದು ಹಿಡಿಸಿತು. ಬಿಟ್ಟುಬಿಟ್ಟಿದ್ದರೆ ನನ್ನ ಋಣ ಇನ್ನೂ ಬೆಳೆಯುತ್ತಿತ್ತು.

ಆಮೇಲೆ ಒಳಗೆ ನೋಡಿ ಕೂಗಿದ. ಹತ್ತನೇ ತರಗತಿಯ ಮಗಳು ಪುಸ್ತಕ ಹಿಡಿದು ಬಂದಳು. 'ಇವಳಿಗೆ ಸೂತ್ರ ಎಲ್ಲಾ ಬಾಯಿಪಾಠ ಸಾರ್. ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ. ನಾನು ಹೇಳಿಕೊಟ್ರೆ, ನಿಂಗೇನು ಗೊತ್ತು ಅಪ್ಪಾ, ನೀನು ಫೇಲು ಅಂತಾಳೆ. ವಾರಕ್ಕೊಂದು ದಿನ ನೀವು ಹೇಳಿಕೊಡ್ತೀರಾ?'

ನಾನು ಆ ಹುಡುಗಿಗೆ ಕಂದು ಕಾಗದದ ಎರಡು ತ್ರಾಪಿಜ್ಯಗಳನ್ನು ಕೊಟ್ಟೆ. ಜೋಡಿಸು ಎಂದೆ. ಎರಡು ಮೂರು ಸಲ ತಿರುಗಿಸಿ ನೋಡಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸಿದಳು. ಹುಬ್ಬು ಮೇಲೆ ಹೋಯಿತು. 'ಅದಕ್ಕಾ ಅರ್ಧ ಬರೋದು!' ಎಂದಳು. ಮರುಕ್ಷಣ, 'ಸಾರ್, ಇದು ಪರೀಕ್ಷೆಗೆ ಬರುತ್ತಾ?'

ನಾಲ್ಕು ತಾಲ್ಲೂಕಿನ ಹುಡುಗರೂ ನನ್ನನ್ನು ಇದನ್ನೇ ಕೇಳಿದ್ದಾರೆ. ಕೇಳುವಂತೆ ಮಾಡಿದವರು ನಾವೇ. 'ಸೂತ್ರ ಬರುತ್ತೆ ಮಗಳೇ. ಇದು ಗೊತ್ತಿದ್ರೆ ಸೂತ್ರ ಮರೆತರೂ ನಡೆಯುತ್ತೆ. ಆದರೆ ಇದನ್ನ ನಿನಗೆ ಮೊದಲು ಹೇಳಿದ್ದು ನಿಮ್ಮಪ್ಪ. ನನಗೂ ಅವನೇ ಹೇಳಿದ್ದು' ಎಂದೆ. ಅವಳು ಅಪ್ಪನ ಕಡೆ ನೋಡಿದಳು. ಅವನು ಸೂಜಿಗೆ ದಾರ ಪೋಣಿಸುವುದರಲ್ಲಿ ಬಹಳ ಮಗ್ನನಾದವನಂತೆ ಕಂಡ.

ಮುಂದಿನ ಭಾನುವಾರ ಸೀಟಿನ ಪರೀಕ್ಷೆಗೆಂದು ಅಪ್ಪ ಮಗ ಪಾವಗಡದ ಕಡೆ ಹೊರಟೆವು. ಮಧುಗಿರಿಯ ಏಕಶಿಲಾ ಬೆಟ್ಟ ಹಿಂದಾಗಿ, ಮಿಡಿಗೇಶಿ ದಾಟಿ, ಹುಣಸೆಮರಗಳ ನೆರಳು ತೆಳ್ಳಗಾಗುತ್ತ ಹೋಯಿತು. ತಿರುಮಣಿಯ ಹತ್ತಿರ ರಸ್ತೆಯ ಎರಡೂ ಬದಿಗೆ ಸೌರ ಫಲಕಗಳು. ಸುಮಾರು 13,000 ಎಕರೆ, 2,050 ಮೆಗಾವಾಟ್. ನಾನು ಪಾಠ ಹೇಳುತ್ತಿದ್ದಾಗ ಇದೇ ನೆಲದಲ್ಲಿ ಕಡಲೆಕಾಯಿ ಹಾಕಿ ಮುಗಿಲು ನೋಡುತ್ತಿದ್ದರು. ಬಿಸಿಲನ್ನು ಬೈಯುತ್ತಿದ್ದರು. ಆ ಬಿಸಿಲೇ ಬೆಳೆಯಾಗುತ್ತದೆ ಎಂದು ಆಗ ಯಾರಾದರೂ ಹುಡುಗ ಎದ್ದು ಹೇಳಿದ್ದರೆ ಅವನನ್ನೂ ಹೊರಗೆ ನಿಲ್ಲಿಸುತ್ತಿದ್ದೆನೇನೋ.

ಮಗ ಕಾರು ನಿಲ್ಲಿಸಿ, 'ಒಂದ್ಸಲ ಈ ಸೀಟಲ್ಲಿ ಕೂತು ನೋಡಿ ಅಪ್ಪಾ' ಎಂದ. ನನಗೆ ಕಾರು ಓಡಿಸಲು ಬಾರದು. ಎಂಜಿನ್ ಆರಿಸಿಯೇ ಕುಳಿತೆ. ಇಳಿಯುವಾಗ ಬಲಗಡೆಯ ಅಂಚು ಗಟ್ಟಿಯಾಗಿ ಎದುರು ನಿಂತು, ಆಮೇಲೆ ನಿಧಾನವಾಗಿ ಜಾಗ ಬಿಟ್ಟಿತು. ಬೆನ್ನಿಗೆ ಎಲ್ಲೂ ಖಾಲಿ ಅನ್ನಿಸಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡು, ಎದುರಿನ ರಸ್ತೆ ನೋಡುತ್ತಾ ಕೇಳಿದೆ: 'ಇಂಜಿನಿಯರಿಂಗ್ ಯಾಕೆ ಬಿಟ್ಟೆ?'

ಮಗ ಪಕ್ಕದ ಸೀಟಿನಲ್ಲಿ ಕುಳಿತ. ಹೇಳಲು ಶುರುಮಾಡಿದ. ಅರ್ಧ ಗಂಟೆಗೂ ಹೆಚ್ಚು ಹೇಳಿದ. ಅವನು ಹೇಳಿದ್ದರಲ್ಲಿ ಕೆಲವು ನನಗೆ ಒಪ್ಪಿಗೆಯಾಗಲಿಲ್ಲ, ಕೆಲವು ನನ್ನ ಮೇಲಿನ ದೂರೇ ಆಗಿದ್ದವು. ನಡುವೆ ಬಾಯಿ ಹಾಕಬಾರದೆಂದು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದೆ.

ಮೊನ್ನೆ ಕೊರಟಗೆರೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದವರು ಎಂದಿನಂತೆ ಕೇಳಿದರು, 'ಮಗ ಏನ್ಮಾಡ್ತಾನೆ ಮೇಷ್ಟ್ರೇ?'

'ಮೆಕ್ಯಾನಿಕ್. ಹಳೇ ಕಾರು ರಿಪೇರಿ ಮಾಡ್ತಾನೆ' ಎಂದೆ.

ಅವರು ಒಂದು ಕ್ಷಣ ಸುಮ್ಮನಿದ್ದು, ಎಲೆಯ ಕಡೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದರು, 'ನಮ್ಮದೊಂದು ಹಳೇ ಫಿಯೆಟ್ ಇದೆ. ಸೀಟು ಪೂರ್ತಿ ಹೋಗಿದೆ. ಅವನಿಗೊಂದು ಮಾತು ಹೇಳ್ತೀರಾ?'